ಮುಳ್ಳುಂಡೆ ತಿನ್ನುವ ಕಡಲ ನೀರುನಾಯಿ

ಟಕ್, ಟಕ್, ಟಕ್.

"ಇದೆಂತ ಶಬ್ದ? ಯಾರಾದ್ರೂ ತೆಂಗಿನಕಾಯಿ ಒಡೀತಿದ್ದಾರಾ?" ಎಂದರು ಅಪ್ಪ.

ಮಲ್ಪೆಯಿಂದ ಬಂದು ಇನ್ನೂ ಒಂದು ವಾರವಾಗಿತ್ತಷ್ಟೆ. ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಮುದ್ರದ ವಾಸನೆಯಿಲ್ಲ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಹಾಗಾಗಿ ಶನಿವಾರ ಬೆಳಗ್ಗೆ ಇಡೀ ಸಂಸಾರ ಕಾರು ಹತ್ತಿ ಮಾಂಟೆರೆಗೆ ಹೋಗಿದ್ದೆವು. ಕ್ಯಾನರಿ ರೋ ಬೀದಿಯ ಹಿಂದಿನ ಬಂಡೆಗಳ ಮೇಲೆ ನಿಂತು ನೋಡಿದರೆ, ಸ್ವಲ್ಪ ದೂರದಲ್ಲಿ ಕಂದು ಬಣ್ಣದ ಒಂದು ಪ್ರಾಣಿ ನೀರಿನ ಮೇಲೆ ಅಂಗಾತ ಮಲಗಿತ್ತು. ಎದೆಯ ಮೇಲೆ ಚಪ್ಪಟೆ ಕಲ್ಲು, ಎರಡೂ ಕೈಯಲ್ಲಿ ಚಿಪ್ಪು. ಕುಟ್ಟುವುದು, ಬಿಚ್ಚಿದೆಯೇ ಎಂದು ನೋಡುವುದು, ಮತ್ತೆ ಕುಟ್ಟುವುದು. ಒಡೆದೊಡನೆ ಒಳಗಿನ ಮಾಂಸ ಬಾಯಿಗೆ. ಆಮೇಲೆ ಒಂದು ಸುತ್ತು ಉರುಳಿ ಎದೆಯ ಮೇಲಿನ ಚೂರುಗಳನ್ನೆಲ್ಲ ತೊಳೆದುಕೊಂಡಿತು. ಊಟವಾದ ಮೇಲೆ ಎಲೆ ತೆಗೆದು ನೆಲ ಒರೆಸಿದ ಹಾಗೆ.

ಒಂಬತ್ತು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ನಗು ತಡೆಯಲಿಲ್ಲ. ಮುಂದಿನ ಸಲ ಮುಳುಗಿ ಎದ್ದಾಗ ಅದರ ಕೈಯಲ್ಲಿ ಏಡಿ ಇತ್ತು. ಜೀವಂತ ಏಡಿ. ಅದು ಏಡಿಯ ಕಾಲುಗಳನ್ನು ಒಂದೊಂದಾಗಿ ಕಿತ್ತು ಜಗಿಯತೊಡಗಿದಾಗ ಮಗನ ಮುಖ ಸಣ್ಣಗಾಯಿತು.

"ಅಮ್ಮಾ, ಇದು ಬ್ಯಾಡ್ ಗೈಯಾ?"

ಉತ್ತರ ಹೇಳಲು ನನಗೆ ತಕ್ಷಣ ಆಗಲಿಲ್ಲ. ನಮ್ಮ ಮಕ್ಕಳು ನೋಡುವ ಕಾರ್ಟೂನುಗಳಲ್ಲಿ ತಿನ್ನುವವನು ಕೆಟ್ಟವನು, ತಪ್ಪಿಸಿಕೊಳ್ಳುವವನು ಒಳ್ಳೆಯವನು. ಆದರೆ ಆ ಕಡಲ ದಂಡೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ತಿನ್ನುವವನು ಇಲ್ಲದೆ ಹೋದರೆ ಉಳಿದವರ ಮನೆಯೇ ಉಳಿಯುವುದಿಲ್ಲ. ಆ ದಿನದಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಕಂತು ಕಂತಾಗಿ ಉತ್ತರ ನಡೆಯುತ್ತಿದೆ. ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಐದು ವರ್ಷದವರಿಗೂ ಒಂದು ದಿನ ಬೇಕಾದೀತು.

ನಾಯಿಯಲ್ಲದ ನೀರುನಾಯಿ

ಮೊದಲು ಹೆಸರು. ಈ ಪ್ರಾಣಿಗೆ ಕನ್ನಡದಲ್ಲಿ ನೀರುನಾಯಿ ಎನ್ನುತ್ತೇವೆ. ನಮ್ಮ ಹೊಳೆಗಳಲ್ಲಿರುವುದು ಸಿಹಿನೀರಿನ ನೆಂಟ; ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾ ದಾಟಿ ರಷ್ಯಾದ ತೀರದವರೆಗೆ ಇರುವುದು ಕಡಲ ನೀರುನಾಯಿ. "ಹಾಗಾದ್ರೆ ಬೊಗಳುತ್ತಾ?" ಎಂದು ಮಗ ಕೇಳಿದ. ಇಲ್ಲ. ನಾಯಿಗೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ. ಮರಿಗಳಂತೂ ತಾಯಿ ಮುಳುಗಿದೊಡನೆ ಕೀಚಲು ದನಿಯಲ್ಲಿ ಕೂಗುತ್ತವೆ, ನಮ್ಮ ಮಕ್ಕಳನ್ನು ಡೇಕೇರ್‌ನಲ್ಲಿ ಬಿಟ್ಟ ಮೊದಲ ದಿನದ ಹಾಗೆ. ಹುಟ್ಟಿದ ಮರಿಯ ತುಪ್ಪಳದಲ್ಲಿ ಎಷ್ಟು ಗಾಳಿ ತುಂಬಿರುತ್ತದೆಂದರೆ ಅದು ಮುಳುಗಬೇಕೆಂದರೂ ಮುಳುಗಲಾರದು. ಅಲೆ ಹೊತ್ತೊಯ್ಯದಿರಲೆಂದು ತಾಯಿ ಕೆಲವೊಮ್ಮೆ ಅದನ್ನು ಕೆಲ್ಪ್ ಎಂಬ ಕಡಲ ಪಾಚಿಯ ಎಳೆಗಳಲ್ಲಿ ಸುತ್ತಿಟ್ಟು ಊಟ ತರಲು ಹೋಗುತ್ತದೆ.

ಈ ಪ್ರಾಣಿಯ ಇಡೀ ಕಥೆಯ ಗುಟ್ಟು ಆ ತುಪ್ಪಳದಲ್ಲಿದೆ. ತಿಮಿಂಗಿಲ, ಸೀಲ್‌ಗಳಿಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ ಉಂಟು, ತಣ್ಣೀರು ತಾಗುವುದಿಲ್ಲ. ಕಡಲ ನೀರುನಾಯಿಗೆ ಅದಿಲ್ಲ. ಬದಲಿಗೆ ಜಗತ್ತಿನ ಅತ್ಯಂತ ದಟ್ಟ ತುಪ್ಪಳ ಇದೆ. ತುಂಬ ದಟ್ಟವಾಗಿರುವ ಭಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಲಕ್ಷ ಕೂದಲು. ನಮ್ಮ ನಿಮ್ಮ ಇಡೀ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ, ಅದೂ ಅಮೆರಿಕದ ಗಡಸು ನೀರಿಗೆ ಉದುರಿ ಉಳಿದಷ್ಟು.

ಅಷ್ಟಿದ್ದರೂ ಚಳಿ ತಡೆಯಲು ಒಳಗಿನ ಒಲೆ ಸದಾ ಉರಿಯುತ್ತಲೇ ಇರಬೇಕು. ಅದಕ್ಕೇ ಅದು ದಿನಕ್ಕೆ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ಆಹಾರ ತಿನ್ನುತ್ತದೆ. ಈ ಲೆಕ್ಕದಲ್ಲಿ 20 ಕಿಲೊ ತೂಗುವ ನನ್ನ ಮಗ ದಿನಕ್ಕೆ 5 ಕಿಲೊ ಊಟ ಮಾಡಬೇಕು. ಮೂರು ತುತ್ತು ಅನ್ನ ಸಾರಿಗೆ ಎರಡು ಕಥೆ ಹೇಳಬೇಕಾದ ಮನೆಯಲ್ಲಿ ಈ ಮಾತಿಗೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಅದು ತಿನ್ನುವುದು ಏನನ್ನು? ಏಡಿ, ಬಸವನಹುಳದ ಜಾತಿಯವು, ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಪಚ್ಚಿಲೆ, ಮರುವಾಯಿಯಂಥ ಚಿಪ್ಪುಜೀವಿಗಳು. ಮತ್ತೆ ಮುಖ್ಯವಾಗಿ ಸೀ ಅರ್ಚಿನ್. ಮೈತುಂಬ ಮುಳ್ಳಿರುವ, ಲಿಂಬೆಹಣ್ಣಿನಷ್ಟು ದೊಡ್ಡ, ನೇರಳೆ ಬಣ್ಣದ ಉರುಟು ಜೀವಿ. ಇದಕ್ಕೆ ಕನ್ನಡದಲ್ಲಿ ಏನು ಹೇಳುವುದೆಂದು ನಮಗಾರಿಗೂ ಗೊತ್ತಿರಲಿಲ್ಲ. ಕಂಟಕಚರ್ಮಿ ಎಂದು ಪಠ್ಯಪುಸ್ತಕದಲ್ಲಿ ಓದಿದ ನೆನಪಿತ್ತು, ಆದರೆ ಅದು ನಕ್ಷತ್ರಮೀನೂ ಸೇರಿ ಇಡೀ ಕುಲದ ಹೆಸರು. ಅಕ್ವೇರಿಯಮ್ಮಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ ಮಗಳು ಕೊನೆಗೆ ಹೇಳಿದಳು: "ಮುಳ್ಳು, ಮತ್ತೆ ಉಂಡೆ. ಮುಳ್ಳುಂಡೆ!" ಇನ್ನು ಮುಂದೆ ಈ ಲೇಖನದಲ್ಲಿಯೂ ಅದು ಮುಳ್ಳುಂಡೆಯೇ.

ತುಪ್ಪಳದ ಬೆಲೆ

1741ರಲ್ಲಿ ಬೇರಿಂಗ್ ಎಂಬ ನಾವಿಕನ ನೇತೃತ್ವದಲ್ಲಿ ರಷ್ಯಾದ ಹಡಗೊಂದು ಅಲಾಸ್ಕಾದ ಕಡೆಗೆ ಹೋಗಿ, ಹಿಂದಿರುಗುವಾಗ ದ್ವೀಪವೊಂದರಲ್ಲಿ ಒಡೆದುಹೋಯಿತು. ಬೇರಿಂಗ್ ಅಲ್ಲೇ ತೀರಿಕೊಂಡ. ಬದುಕುಳಿದವರು ಮರುವರ್ಷ ಊರಿಗೆ ಮರಳುವಾಗ ನೀರುನಾಯಿಯ ತುಪ್ಪಳ ತಂದರು. ಚೀನಾದ ಶ್ರೀಮಂತರು ಅದಕ್ಕೆ ಚಿನ್ನದಂಥ ಬೆಲೆ ಕೊಟ್ಟರು. ಅಲ್ಲಿಂದ ಶುರುವಾದ ಬೇಟೆ ಸುಮಾರು 170 ವರ್ಷ ನಡೆಯಿತು. ಒಂದೂವರೆ ಲಕ್ಷದಿಂದ ಮೂರು ಲಕ್ಷದವರೆಗೆ ಇದ್ದಿರಬಹುದೆಂದು ಅಂದಾಜಿಸುವ ಪ್ರಾಣಿ, 1911ರಲ್ಲಿ ನಾಲ್ಕು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ ಬೇಟೆ ನಿಲ್ಲಿಸುವ ಹೊತ್ತಿಗೆ ಇಡೀ ಜಗತ್ತಿನಲ್ಲಿ ಒಂದೆರಡು ಸಾವಿರಕ್ಕೆ ಇಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಒಂದೂ ಉಳಿದಿಲ್ಲ ಎಂದೇ ಹೆಚ್ಚಿನವರು ಅಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಕಡಲತೀರದ ಬಿಕ್ಸ್‌ಬಿ ತೊರೆಯ ಬಳಿ ಒಂದು ಸಣ್ಣ ಗುಂಪು ಕಾಣಿಸಿತು. ನಾವೆಲ್ಲ ಕಾರು ನಿಲ್ಲಿಸಿ ಫೋಟೊ ತೆಗೆಯುವ ಆ ಎತ್ತರದ ಸೇತುವೆಯ ಹತ್ತಿರವೇ. ಇಂದು ಕ್ಯಾಲಿಫೋರ್ನಿಯಾದಲ್ಲಿ ಇರುವ ಸುಮಾರು 3,000 ನೀರುನಾಯಿಗಳೂ ಆ ಅಳಿದುಳಿದವುಗಳ ಸಂತತಿ.

ಆದರೆ ಈ ಕಾಲದುದ್ದಕ್ಕೂ ಯಾರೂ ಕೇಳದ ಒಂದು ಪ್ರಶ್ನೆ ಇತ್ತು. ನೀರುನಾಯಿ ಹೋದ ಮೇಲೆ ನೀರಿನ ಕೆಳಗೆ ಏನಾಯಿತು?

ಹಾರೆ ಹಿಡಿದ ಮೇಷ್ಟ್ರು

ಪ್ರಶ್ನೆಯ ತುದಿ ಸಿಕ್ಕಿದ್ದು ಬೇರೆ ಕಡೆ, ಬೇರೆ ಪ್ರಾಣಿಯಿಂದ. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಎಂಬ ಪ್ರಾಧ್ಯಾಪಕರು 1963ರಲ್ಲಿ ಪೆಸಿಫಿಕ್ ತೀರದ ಮಾಕಾ ಕೊಲ್ಲಿಯಲ್ಲಿ ಒಂದು ವಿಚಿತ್ರ ಕೆಲಸ ಶುರುಮಾಡಿದರು. ಇಳಿತದ ಹೊತ್ತಿಗೆ ಹೋಗುವುದು, ಬಂಡೆಯ ಒಂದು ತುಂಡಿನಿಂದ ನಕ್ಷತ್ರಮೀನುಗಳನ್ನು ಹಾರೆಯಿಂದ ಎಬ್ಬಿಸುವುದು, ಎತ್ತಿ ಸಮುದ್ರಕ್ಕೆ ಎಸೆಯುವುದು. ಪಕ್ಕದ ಬಂಡೆಯನ್ನು ಇದ್ದ ಹಾಗೇ ಬಿಡುವುದು. ಹೀಗೆ ವರ್ಷಗಟ್ಟಲೆ.

ಆ ನಕ್ಷತ್ರಮೀನಿನ ಮೆಚ್ಚಿನ ಊಟ ಪಚ್ಚಿಲೆಯ ಜಾತಿಯ ಚಿಪ್ಪು. ತಿನ್ನುವವರು ಹೋದರೆ ಎಲ್ಲರಿಗೂ ಸುಖ ಎಂದು ನಮಗೆ ಅನ್ನಿಸುತ್ತದಲ್ಲ? ಆದದ್ದು ಬೇರೆ. ಪಚ್ಚಿಲೆ ಬಂಡೆಯ ತುಂಬ ಹಬ್ಬಿತು. ಪಾಚಿ, ಬಂಡೆಗಂಟಿ ಬದುಕುವ ಸಣ್ಣಪುಟ್ಟ ಜೀವಿಗಳು ಎಲ್ಲವಕ್ಕೂ ಜಾಗ ಇಲ್ಲದಾಯಿತು. 15 ಬಗೆಯ ಜೀವಿಗಳಿದ್ದಲ್ಲಿ ಉಳಿದದ್ದು 8 ಎಂದು ಪೇನ್ 1966ರಲ್ಲಿ ಬರೆದರು. ನಕ್ಷತ್ರಮೀನಿದ್ದ ಪಕ್ಕದ ಬಂಡೆ ಮೊದಲಿನಂತೆಯೇ ಇತ್ತು. ಎಲ್ಲ ಬೇಟೆಗಾರರೂ ಹೀಗಲ್ಲ; ಕೆಲವು ಹೋದರೆ ಏನೂ ಆಗುವುದಿಲ್ಲ. ಆದರೆ ಕೆಲವು ಹೋದರೆ ಇಡೀ ಕಟ್ಟಡ ಕುಸಿಯುತ್ತದೆ. ಅಂಥವಕ್ಕೆ ಅವರು 1969ರಲ್ಲಿ ಒಂದು ಹೆಸರಿಟ್ಟರು: ಕಲ್ಲಿನ ಕಮಾನಿನ ನೆತ್ತಿಯಲ್ಲಿ ಎರಡೂ ಕಡೆಯ ಕಲ್ಲುಗಳನ್ನು ಹಿಡಿದಿಡುವ ನಡುಗಲ್ಲಿನ ಹೆಸರು. ಕನ್ನಡದಲ್ಲಿ ಕೆಲವರು ಕೀಲಿಗಲ್ಲು ಪ್ರಭೇದ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಡುಗಲ್ಲು ಎಂದೇ ಹೇಳಿದೆ. ಊರಿನ ಹಳೆಯ ರೈಲು ಸೇತುವೆಯ ಕಮಾನಿನ ಚಿತ್ರ ತೋರಿಸಿದಾಗ ಐದು ವರ್ಷದವನಿಗೂ ಅರ್ಥವಾಯಿತು.

ಕೆಲವು ವರ್ಷಗಳ ಬಳಿಕ, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಕಡಲ ನೀರುನಾಯಿಯ ಅಧ್ಯಯನಕ್ಕೆ ಬಂದಿದ್ದ ಜೇಮ್ಸ್ ಎಸ್ಟಿಸ್ ಎಂಬ ಯುವಕನಿಗೆ ಪೇನ್ ಸಿಕ್ಕರು. ಕೆಲ್ಪ್ ಕಾಡು ನೀರುನಾಯಿಗೆ ಹೇಗೆ ಆಸರೆಯಾಗಿದೆ ಎಂದು ನೋಡಬೇಕೆಂದಿದ್ದೇನೆ ಎಂದು ಎಸ್ಟಿಸ್ ಹೇಳಿದರು. ಅದನ್ನೇ ತಿರುಗಿಸಿ ನೋಡು, ನೀರುನಾಯಿಯಿಂದ ಕೆಲ್ಪ್‌ಗೆ ಏನಾಗುತ್ತಿದೆ ಎಂದು ಕೇಳು ಎಂಬುದು ಹಿರಿಯರ ಸಲಹೆ. ಅಮ್ಚಿಟ್ಕಾ ದ್ವೀಪದಲ್ಲಿ ನೀರುನಾಯಿಗಳು ಮರಳಿ ತುಂಬಿಕೊಂಡಿದ್ದವು. ಶೆಮ್ಯಾ ದ್ವೀಪಕ್ಕೆ ಅವು ಇನ್ನೂ ಬಂದಿರಲಿಲ್ಲ. ಎಸ್ಟಿಸ್ ಶೆಮ್ಯಾದಲ್ಲಿ ನೀರಿಗಿಳಿದು ತಲೆ ಒಳಗೆ ಹಾಕಿದರು. ಉತ್ತರ ಎದುರಿಗೇ ಇತ್ತು. ನೆಲದ ತುಂಬ ದೊಡ್ಡ ದೊಡ್ಡ ಮುಳ್ಳುಂಡೆಗಳು. ಕೆಲ್ಪ್‌ನ ಸುಳಿವಿಲ್ಲ. ಅಮ್ಚಿಟ್ಕಾದಲ್ಲಿ ಸೊಂಪಾದ ಕಾಡು. 1974ರಲ್ಲಿ ಅವರೂ ಜಾನ್ ಪಾಮಿಸಾನೊ ಅವರೂ ಇದನ್ನು ಪ್ರಕಟಿಸಿದರು.

ಕೆಲ್ಪ್ ಎಂದರೆ ಬರೀ ಪಾಚಿಯಲ್ಲವೇ ಎಂದು ಅಪ್ಪನೂ ಕೇಳಿದರು. ಪಾಚಿಯೇ. ಆದರೆ ನಮ್ಮ ಬಾವಿಕಟ್ಟೆಯ ಪಾಚಿಯಲ್ಲ. ದೈತ್ಯ ಕೆಲ್ಪ್ ಅನುಕೂಲ ಒದಗಿದರೆ ದಿನಕ್ಕೆ 60 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ತಳದ ಬಂಡೆಯನ್ನು ಅಪ್ಪಿಹಿಡಿದು ಅಡಿಕೆ ಮರಕ್ಕಿಂತ ಎತ್ತರಕ್ಕೆ ಮೇಲೆದ್ದು ನೀರಿನ ಮೇಲೆ ಚಪ್ಪರ ಹಾಕುತ್ತದೆ. ಆ ಚಪ್ಪರದಡಿ ಮೀನುಮರಿಗಳು ಅಡಗುತ್ತವೆ, ದೊಡ್ಡ ಮೀನು ಅವನ್ನು ಹುಡುಕುತ್ತವೆ, ಹಕ್ಕಿ ಮೇಲಿಂದ ಇಣುಕುತ್ತದೆ. ಮುಳ್ಳುಂಡೆ ಮಾಡುವ ಅನಾಹುತವೆಂದರೆ ಎಲೆ ತಿಂದು ಬಿಡುವುದಿಲ್ಲ, ಬುಡ ಕಡಿಯುತ್ತದೆ. ಬುಡ ಬಿಟ್ಟಿತೆಂದರೆ ಇಡೀ ಮರ ತೇಲಿಹೋಯಿತು. ಕಾಡಿದ್ದ ಕಡೆ ಮುಳ್ಳುಂಡೆಯ ಬಂಜರು.

ಎಸ್ಟಿಸ್ ಕಥೆಗೆ ಇನ್ನೊಂದು ಅಧ್ಯಾಯ ಉಂಟು. 1990ರ ದಶಕದಲ್ಲಿ ಅಲ್ಯೂಷಿಯನ್ ದ್ವೀಪಗಳಲ್ಲಿ ನೀರುನಾಯಿಗಳು ಮತ್ತೆ ವರ್ಷಕ್ಕೆ ಸುಮಾರು ಶೇ 25ರಂತೆ ಕಡಿಮೆಯಾಗತೊಡಗಿದವು. ಕೊಲ್ಲುವ ತಿಮಿಂಗಿಲ ಎಂದು ಕರೆಯುವ ಓರ್ಕಾಗಳು ಅವನ್ನು ತಿನ್ನಲು ಶುರುಮಾಡಿದ್ದೇ ಕಾರಣ ಎಂದು 1998ರಲ್ಲಿ ಎಸ್ಟಿಸ್ ಮತ್ತು ಜೊತೆಗಾರರು ಬರೆದರು. ಅಲ್ಲಿನ ಮುಳ್ಳುಂಡೆಗಳ ಒಟ್ಟು ತೂಕ 8 ಪಟ್ಟು ಏರಿತು, ಕೆಲ್ಪ್ 12 ಪಟ್ಟು ಇಳಿಯಿತು. ದೂರದ ನೀರಿನ ಪ್ರಾಣಿಯೊಂದು ಊಟ ಬದಲಿಸಿದ್ದಕ್ಕೆ ದಂಡೆಯ ಕಾಡು ಮಾಯ.

2013ರಿಂದ ಆದದ್ದು

ಇಲ್ಲಿಯವರೆಗೆ ಇದು ಹಳೆಯ ಕಥೆ. ಆದರೆ ನಮ್ಮ ಮಕ್ಕಳು ಹುಟ್ಟುವ ಹೊತ್ತಿನಲ್ಲಿ, ನಾವು ವಾರಾಂತ್ಯಕ್ಕೆ ಕಾರಿನಲ್ಲಿ ಹೋಗಿಬರುವ ಇದೇ ಕರಾವಳಿಯಲ್ಲಿ ಅದು ಮತ್ತೆ ನಡೆಯಿತು.

2013ರಲ್ಲಿ ಪೆಸಿಫಿಕ್ ತೀರದ ನಕ್ಷತ್ರಮೀನುಗಳಿಗೆ ಒಂದು ರೋಗ ಬಂತು. ತೋಳುಗಳು ಕಳಚಿ ಬೀಳುತ್ತವೆ, ಕೆಲವೇ ದಿನಗಳಲ್ಲಿ ಮೈ ಕರಗಿ ಲೋಳೆಯಾಗುತ್ತದೆ. ಅತಿ ಹೆಚ್ಚು ಸತ್ತದ್ದು ಸೂರ್ಯಕಾಂತಿ ನಕ್ಷತ್ರಮೀನು. ಇಪ್ಪತ್ತಕ್ಕೂ ಹೆಚ್ಚು ತೋಳುಗಳಿರುವ, ಒಂದು ಮೀಟರಿನಷ್ಟು ಅಗಲ ಬೆಳೆಯಬಲ್ಲ, ಮುಳ್ಳುಂಡೆಗಳನ್ನು ಅಟ್ಟಿಸಿಕೊಂಡು ಹೋಗಿ ನುಂಗುವ ಪ್ರಾಣಿ. ಶೇ 90ಕ್ಕೂ ಹೆಚ್ಚು ಸತ್ತುಹೋದವು. ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಖಚಿತವಾಗಿ ತಿಳಿದದ್ದು 2025ರಲ್ಲಿ. ಅದರ ಬೆನ್ನಿಗೇ 2014ರಿಂದ 2016ರವರೆಗೆ ಸಮುದ್ರದ ನೀರೇ ಬಿಸಿಯಾಯಿತು. ತಣ್ಣೀರಿನಲ್ಲಿ ಬೆಳೆಯುವ ಕೆಲ್ಪ್ ಸೊರಗಿತು.

ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಸೊನೋಮಾ ಮತ್ತು ಮೆಂಡೊಸಿನೊ ತೀರದಲ್ಲಿ, ಬೇಟೆಯ ಕಾಲದಿಂದಲೂ ನೀರುನಾಯಿ ಇಲ್ಲ. ಅಲ್ಲಿ ಮುಳ್ಳುಂಡೆಗೆ ಇದ್ದ ದೊಡ್ಡ ಕಾವಲು ಆ ಸೂರ್ಯಕಾಂತಿ ನಕ್ಷತ್ರಮೀನೊಂದೇ. ಅದೂ ಹೋಯಿತು. ನೇರಳೆ ಮುಳ್ಳುಂಡೆಗಳು ಸುಮಾರು 60 ಪಟ್ಟು ಹೆಚ್ಚಿದವು. ಕೆಲ್ಪ್ ಕಾಡು ಶೇ 90ಕ್ಕೂ ಹೆಚ್ಚು ನಾಶವಾಯಿತು. ಅದೇ ಕೆಲ್ಪ್ ತಿಂದು ಬದುಕುವ ಅಬಲೋನಿ ಎಂಬ ದೊಡ್ಡ ಚಿಪ್ಪುಜೀವಿ ಹಸಿವಿನಿಂದ ಸತ್ತಿತು. ಅಲ್ಲಿನ ಕುಟುಂಬಗಳು ತಲೆಮಾರುಗಳಿಂದ ಮುಳುಗಿ ಅಬಲೋನಿ ಹಿಡಿಯುತ್ತಿದ್ದವು. 2018ರಲ್ಲಿ ಅದನ್ನು ನಿಲ್ಲಿಸಲಾಯಿತು.

ಮಾಂಟೆರೆಯಲ್ಲೂ ಮುಳ್ಳುಂಡೆ ಏರಿತು. ಆದರೆ ಅಲ್ಲಿ ನೀರುನಾಯಿ ಇತ್ತು. ಕಾಡು ಪೂರ್ತಿ ಬೋಳಾಗಲಿಲ್ಲ. ಬಂಜರಿನ ನಡುವೆ ಅಲ್ಲಲ್ಲಿ ಕೆಲ್ಪ್‌ನ ತೋಪುಗಳು ಉಳಿದವು. ನೀರುನಾಯಿ ಬಂಜರಿನ ಮುಳ್ಳುಂಡೆಗಳನ್ನೆಲ್ಲ ತಿಂದು ಮುಗಿಸಿತು ಎಂದು ನಾನು ಊಹಿಸಿದ್ದೆ. ಹಾಗಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕೇಂದ್ರದ ಜೋಶುವಾ ಸ್ಮಿತ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಂಜರಿನಲ್ಲಿರುವ ಮುಳ್ಳುಂಡೆ ಹಸಿದು ಹಸಿದು ಒಳಗೆ ಟೊಳ್ಳಾಗಿರುತ್ತದೆ. ಸಾಯುವುದೂ ಇಲ್ಲ, ಊಟವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. ನೀರುನಾಯಿ ಅದರ ಗೊಡವೆಗೇ ಹೋಗುವುದಿಲ್ಲ. ಉಳಿದಿರುವ ತೋಪುಗಳಲ್ಲಿ ಕೆಲ್ಪ್ ತಿಂದು ಕೊಬ್ಬಿರುವ ಮುಳ್ಳುಂಡೆಯನ್ನೇ ಆರಿಸಿ ತಿನ್ನುತ್ತದೆ. ಹೀಗಾಗಿ ತೋಪು ಉಳಿಯುತ್ತದೆ.

"ಕಾಯಿ ಅಲ್ಲಾಡಿಸಿ ನೋಡಿ ತಗೊಳ್ತೇವಲ್ಲ, ಹಾಗೆ" ಎಂದರು ಅಪ್ಪ.

ಅಂದರೆ ಇರುವ ಕಾಡನ್ನು ನೀರುನಾಯಿ ಉಳಿಸಬಲ್ಲದು. ಪೂರ್ತಿ ಹೋದ ಕಾಡನ್ನು ತಾನೊಂದೇ ಮರಳಿ ತರುತ್ತದೆ ಎಂದು ಹೇಳಲಾಗದು. ಮಕ್ಕಳಿಗೆ ಇದನ್ನೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಅಕ್ವೇರಿಯಮ್ಮಿನ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಆಟಿಕೆಯ ಜೊತೆಗೆ ಬರುವ ಚೀಟಿಯಲ್ಲಿ ಇಷ್ಟೆಲ್ಲ ಇರುವುದಿಲ್ಲ.

ಕೆಸರಿನ ಹಿನ್ನೀರಿನಲ್ಲಿ

ಮಾಂಟೆರೆಗೆ ಹೋಗುವ ದಾರಿಯಲ್ಲೇ ಮಾಸ್ ಲ್ಯಾಂಡಿಂಗ್ ಎಂಬ ಊರಿದೆ, ಪಕ್ಕದಲ್ಲಿ ಎಲ್ಕ್‌ಹಾರ್ನ್ ಸ್ಲೂ ಎಂಬ ಹಿನ್ನೀರು. ಅಕ್ವೇರಿಯಮ್ಮಿನ ಸಾಲು ನೋಡಿ ಸುಸ್ತಾಗುವವರಿಗೆ ನನ್ನ ಶಿಫಾರಸು ಇದು. ಬಂದರಿನ ಪಕ್ಕ ಸುಮ್ಮನೆ ನಿಂತರೂ ನೀರುನಾಯಿಗಳು ಗುಂಪಾಗಿ ಮಲಗಿರುವುದು ಕಾಣುತ್ತದೆ. ಅಪ್ಪನಿಗೆ ಆ ಕೆಸರು, ಉಪ್ಪುನೀರು, ಏಡಿಯ ಬಿಲ ನೋಡಿ ಊರಿನ ಹೊಳೆಬಾಗಿಲು ನೆನಪಾಗಿ, ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಇಲ್ಲಿ ಕೆಲ್ಪ್ ಇಲ್ಲ, ಕಡಲಹುಲ್ಲು ಇದೆ. ಸುತ್ತಲಿನ ಹೊಲಗಳ ಗೊಬ್ಬರ ಮಳೆಗೆ ತೊಳೆದು ಬಂದು ಹುಲ್ಲಿನ ಮೇಲೆ ಲೋಳೆಪಾಚಿ ಬೆಳೆಯುತ್ತದೆ. ಬಿಸಿಲು ಸಿಗದೆ ಹುಲ್ಲು ಸಾಯಬೇಕು. ಆದರೆ ಆ ಪಾಚಿಯನ್ನು ನೆಕ್ಕಿ ತೆಗೆಯುವ ಪುಟ್ಟ ಕಡಲಗೊಂಡೆಗಳಿವೆ, ಚಿಪ್ಪಿಲ್ಲದ ಬಸವನಹುಳದಂಥವು. ಆ ಗೊಂಡೆಗಳನ್ನು ಏಡಿ ತಿನ್ನುತ್ತದೆ. ಏಡಿಯನ್ನು ನೀರುನಾಯಿ ತಿನ್ನುತ್ತದೆ. ನೀರುನಾಯಿ ಬಂದ ಮೇಲೆ ಏಡಿ ಕಡಿಮೆಯಾಗಿ, ಗೊಂಡೆ ಹೆಚ್ಚಿ, ಹುಲ್ಲು ಚಿಗುರಿತು ಎಂದು ಬ್ರೆಂಟ್ ಹ್ಯೂಸ್ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದರು. ಮುಂದೆ 2024ರಲ್ಲಿ ಅದೇ ಹಿನ್ನೀರಿನ ದಂಡೆಗಳ ಬಗ್ಗೆ ಬರೆದರು: ಏಡಿಗಳು ದಂಡೆಯ ಗಿಡಗಳ ಬೇರು ತಿಂದು, ಬಿಲ ತೋಡಿ ಮಣ್ಣು ಸಡಿಲ ಮಾಡುತ್ತವೆ; ನೀರುನಾಯಿಗಳು ಹೆಚ್ಚಿರುವ ಕಡೆ ದಂಡೆ ಕೊರೆದುಹೋಗುವ ವೇಗ ಸರಾಸರಿ ಶೇ 69ರಷ್ಟು ತಗ್ಗಿದೆ.

ಮಗನ ಏಡಿಗೆ ಉತ್ತರ ಸಿಕ್ಕಿದ್ದು ಇಲ್ಲಿ. ನಾವು ಊಟದ ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಇಟ್ಟು ಆಡಿದೆವು: ಕೆಳಗೆ ಹುಲ್ಲು, ಅದರ ಮೇಲೆ ಗೊಂಡೆ, ಏಡಿ, ತುದಿಯಲ್ಲಿ ನೀರುನಾಯಿ. ತುದಿಯ ಲೋಟ ತೆಗೆದರೆ ಏನೂ ಬೀಳುವುದಿಲ್ಲ ಎಂದು ಮಗಳು ತಕ್ಷಣ ಕಂಡುಹಿಡಿದಳು. ನನ್ನ ಪಾಠ ಅಲ್ಲಿಗೇ ಕೆಟ್ಟಿತು. ಆಮೇಲೆ ಅವಳೇ ಎರಡು ಲೋಟ ಓರೆಯಾಗಿ ಹಿಡಿದು ನಡುವೆ ಮೂರನೆಯದನ್ನು ಸಿಕ್ಕಿಸಿ "ಕಮಾನು" ಮಾಡಿದಳು. ಇಬ್ಬರು ಮಕ್ಕಳು ಒಂದೂವರೆ ಗಂಟೆ ಒಂದೂ ಇಂಗ್ಲಿಷ್ ವಾಕ್ಯವಿಲ್ಲದೆ ಜಗಳವಾಡಿದ್ದು ಆ ದಿನವೇ: "ನೀನು ಏಡಿ, ನಿನ್ನನ್ನು ತಿಂದಾಯ್ತು, ಏಳು!" ಶನಿವಾರದ ಕನ್ನಡ ತರಗತಿಯಲ್ಲಿ ಹಣ್ಣುಗಳ ಹೆಸರು ಬಾಯಿಪಾಠ ಮಾಡಿಸಿದಾಗ ಇಷ್ಟು ಮಾತು ಬಂದದ್ದಿಲ್ಲ.

ಅಂದಹಾಗೆ, ಈ ಹಿನ್ನೀರಿನ ನೀರುನಾಯಿಗಳಲ್ಲಿ ಬಹಳಷ್ಟಕ್ಕೆ ಒಂದು ಹಿನ್ನೆಲೆ ಇದೆ. ತಾಯಿಯಿಂದ ಬೇರ್ಪಟ್ಟು ದಡಕ್ಕೆ ಬಂದ ಮರಿಗಳನ್ನು ಮಾಂಟೆರೆ ಬೇ ಅಕ್ವೇರಿಯಂ ಸಾಕುತ್ತದೆ. ಮೊದಲು ಮನುಷ್ಯರೇ ಸಾಕುತ್ತಿದ್ದರು. ಮರಿಗಳು ಮನುಷ್ಯರಿಗೆ ಒಗ್ಗಿಹೋಗಿ, ಬಿಟ್ಟರೂ ದೋಣಿಗಳ ಬಳಿ ಬರತೊಡಗಿದವು. ಹಾಗಾಗಿ ಅಲ್ಲಿರುವ ದೊಡ್ಡ ಹೆಣ್ಣು ನೀರುನಾಯಿಗಳಿಗೇ ಮರಿಗಳನ್ನು ಒಪ್ಪಿಸತೊಡಗಿದರು. ಚಿಪ್ಪು ಒಡೆಯುವುದನ್ನು, ತುಪ್ಪಳ ತಿಕ್ಕುವುದನ್ನು ಸಾಕುತಾಯಿಯೇ ಕಲಿಸುತ್ತದೆ. ಹೀಗೆ ಬೆಳೆಸಿ ಬಿಟ್ಟ ಮರಿಗಳು ಮತ್ತು ಅವುಗಳ ಸಂತಾನದಿಂದಲೇ ಇಲ್ಲಿನ ಸಂಖ್ಯೆ ಏರಿಕೆಯಲ್ಲಿ ಅರ್ಧಕ್ಕೂ ಹೆಚ್ಚು ಬಂದಿದೆ ಎಂದು 2019ರ ಅಧ್ಯಯನ ಹೇಳುತ್ತದೆ.

ಅಪ್ಪನ ಪ್ರಶ್ನೆ

"ಎಲ್ಲ ಸರಿ. ಮೀನುಗಾರರು ಎಂತ ಹೇಳ್ತಾರೆ?" ಎಂದರು ಅಪ್ಪ. ಬಂದರಿನ ಪಕ್ಕ ಬೆಳೆದವರು. ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು.

ಎಲ್ಲರೂ ಖುಷಿಯಲ್ಲಿಲ್ಲ. ದಿನಕ್ಕೆ ತೂಕದ ಕಾಲು ಭಾಗ ತಿನ್ನುವ ಪ್ರಾಣಿ ಏಡಿ, ಅಬಲೋನಿ, ಮುಳ್ಳುಂಡೆ ಹಿಡಿದು ಮಾರುವವರ ಪಾಲಿಗೂ ಕೈಹಾಕುತ್ತದೆ. ಮುಳ್ಳುಂಡೆಯ ಒಳಗಿನ ಹಳದಿ ಭಾಗಕ್ಕೆ ಸುಶಿ ಅಂಗಡಿಗಳಲ್ಲಿ ಒಳ್ಳೆಯ ಬೆಲೆ ಇದೆ. 1987ರಿಂದ 1990ರವರೆಗೆ ಸರ್ಕಾರ 140 ನೀರುನಾಯಿಗಳನ್ನು ದಕ್ಷಿಣದ ಸ್ಯಾನ್ ನಿಕೊಲಸ್ ದ್ವೀಪಕ್ಕೆ ಸಾಗಿಸಿ, ಮೀನುಗಾರರ ಸಮಾಧಾನಕ್ಕೆ ಸುತ್ತಲಿನ ಕಡಲನ್ನು "ನೀರುನಾಯಿ ಇರಬಾರದ ವಲಯ" ಎಂದು ಘೋಷಿಸಿತು. ನೀರುನಾಯಿಗೆ ನಕ್ಷೆ ಓದಲು ಬರುತ್ತದೆಯೇ? ಹೆಚ್ಚಿನವು ದ್ವೀಪ ಬಿಟ್ಟುಹೋದವು, ಕೆಲವು ಈಜಿಕೊಂಡು ಹಿಂದಿನ ಊರಿಗೇ ಬಂದವು. 2012ರಲ್ಲಿ ಆ ವಲಯವನ್ನು ಕೈಬಿಟ್ಟರು. ಅಲಾಸ್ಕಾದ ಆಗ್ನೇಯ ಭಾಗದಲ್ಲಿ ಈ ಜಗಳ ಇಂದಿಗೂ ಇದೆ. ಅಲ್ಲಿನ ಮೂಲನಿವಾಸಿಗಳೂ ಚಿಪ್ಪು, ಏಡಿಗಳನ್ನು ನಂಬಿ ಬದುಕುವವರು. ನನ್ನ ಮಟ್ಟಿಗೆ, ಕಾಡೇ ಇಲ್ಲದ ಮೆಂಡೊಸಿನೊದಲ್ಲಿ ಅಬಲೋನಿಯೂ ಉಳಿಯಲಿಲ್ಲ ಎಂಬುದು ದೊಡ್ಡ ಮಾತು. ಆದರೆ ನನ್ನ ಹೊಟ್ಟೆಪಾಡು ಏಡಿಯ ಮೇಲೆ ನಿಂತಿಲ್ಲ. ಅಪ್ಪ ಅದನ್ನು ನೆನಪಿಸಿದರು.

ಹಾಗಾದರೆ ನೀರುನಾಯಿಗಳು ತಾವೇ ಉತ್ತರಕ್ಕೆ ಹಬ್ಬಿ ಮೆಂಡೊಸಿನೊಗೆ ಹೋಗಬಾರದೇ? ಹೋಗಲಾರವು, ಸದ್ಯಕ್ಕೆ. ನಡುವೆ ಬಿಳಿ ಶಾರ್ಕ್‌ಗಳಿವೆ. ಶಾರ್ಕ್ ನೀರುನಾಯಿಯನ್ನು ತಿನ್ನುವುದಿಲ್ಲ. ಸೀಲ್ ಇರಬಹುದೆಂದು ಕಚ್ಚಿ ನೋಡುತ್ತದೆ, ಅಷ್ಟರಲ್ಲೇ ಪ್ರಾಣ ಹೋಗಿರುತ್ತದೆ. ಶಾರ್ಕ್‌ನಿಂದ ಅಡಗಲು ಕೆಲ್ಪ್ ಚಪ್ಪರ ಬೇಕು. ಕೆಲ್ಪ್ ಉಳಿಯಲು ನೀರುನಾಯಿ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತೇವಲ್ಲ, ಆ ಕಥೆ. ಅವನ್ನು ಸಾಗಿಸಿ ಬಿಡಬೇಕೇ ಎಂಬ ಚರ್ಚೆ ನಡೆಯುತ್ತಿದೆ. ಇನ್ನೊಂದು ಕಡೆ, ಮುಳುಗುಗಾರರು ಮುಳ್ಳುಂಡೆಗಳನ್ನು ಕೈಯಿಂದ ಆರಿಸಿ ತೆಗೆಯುತ್ತಿದ್ದಾರೆ, ವಿಜ್ಞಾನಿಗಳು ಸೂರ್ಯಕಾಂತಿ ನಕ್ಷತ್ರಮೀನುಗಳನ್ನು ತೊಟ್ಟಿಗಳಲ್ಲಿ ಬೆಳೆಸುತ್ತಿದ್ದಾರೆ.

ನೋಡಲು ಹೋಗುವವರು ಒಂದೆರಡು ವಿಷಯ ನೆನಪಿಡಿ. ಕಯಾಕಿನಲ್ಲಿ ಹೋದರೆ ಕನಿಷ್ಠ 60 ಅಡಿ ದೂರ ಇರಿ. ಮಲಗಿದ್ದು ಬೆದರಿ ಮುಳುಗಿದರೆ ಅದರ ಒಲೆಗೆ ಇನ್ನಷ್ಟು ಕಟ್ಟಿಗೆ ಬೇಕು, ಅದನ್ನು ಅದು ಮತ್ತೆ ದುಡಿದೇ ತರಬೇಕು. ತಿಂಡಿ ಹಾಕಲೇಬೇಡಿ. ಮನೆಯಲ್ಲಿ ಬೆಕ್ಕು ಸಾಕಿದವರು ಅದರ ಮಲವನ್ನು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಬೇಡಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬೆಕ್ಕಿನ ಮಲದಲ್ಲಿರುವ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ನೀರಿನೊಡನೆ ಸಮುದ್ರ ಸೇರಿ ನೀರುನಾಯಿಗಳನ್ನು ಕೊಲ್ಲುತ್ತಿದೆ.

ಕ್ಯಾಲಿಫೋರ್ನಿಯಾ ದೂರವಾದವರಿಗೆ: ಸಿಂಗಪುರದಲ್ಲಿದ್ದರೆ ನೀವು ಅದೃಷ್ಟವಂತರು. ನಗರದ ನಡುವಿನ ಕಾಲುವೆಗಳಲ್ಲೇ ನುಣುಪು ತುಪ್ಪಳದ ನೀರುನಾಯಿಗಳ ಸಂಸಾರಗಳಿವೆ. ಅದೇ ಜಾತಿ ನಮ್ಮ ತುಂಗಭದ್ರೆಯಲ್ಲೂ ಇದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೊಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಎಂದು ಕರ್ನಾಟಕ ಘೋಷಿಸಿದೆ. ಹಂಪಿಗೆ ಹೋದಾಗ ಮಕ್ಕಳು ಕಲ್ಲಿನ ರಥ ನೋಡಿ ಬೇಸತ್ತರೆ, ಬೆಳಗಿನ ಹೊತ್ತು ಹೊಳೆಯ ಕಡೆ ಕರೆದುಕೊಂಡು ಹೋಗಿ. ಕಂಡೇ ಕಾಣುತ್ತದೆಂದು ಮಾತು ಕೊಡಬೇಡಿ.

ಅಪ್ಪ ಊರಿಗೆ ಹೋಗಿ ಎರಡು ತಿಂಗಳಾಯಿತು. ಹೊರಡುವ ಮೊದಲು ಮಗಳು ಅವರಿಗೊಂದು ಕೆಲಸ ವಹಿಸಿದ್ದಳು: ಮಲ್ಪೆಯ ಬಂದರಿನಲ್ಲಿ ಕೇಳಿ ಸೀ ಅರ್ಚಿನ್‌ಗೆ ನಿಜವಾದ ಹೆಸರು ತಿಳಿದುಬರಬೇಕು. ಮೊನ್ನೆ ವಾಟ್ಸಾಪಿನಲ್ಲಿ ಬಂದರು.

"ಮೂರು ದೋಣಿಯವರನ್ನು ಕೇಳಿದೆ ಪುಟ್ಟಿ. ಒಬ್ಬ ಒಂದು ಹೇಳಿದ, ಇನ್ನೊಬ್ಬ ಅದಲ್ಲ ಎಂದ. ಮೂರನೆಯವನು ಬಲೆಗೆ ಬಂದರೆ ಕಾಲಿಗೆ ಚುಚ್ಚುತ್ತದೆ, ಬಿಸಾಡ್ತೇವೆ, ಅದಕ್ಕೆಂತ ಹೆಸರು ಮಾರಾಯ್ರೆ ಎಂದ."

"ನೀವೇನು ಹೇಳಿದ್ರಿ ಅಜ್ಜ?"

"ಮುಳ್ಳುಂಡೆ ಅಂತ ಹೇಳಿ ಬಂದೆ."